ಲಕ್ಕಿ ಡ್ರಾ ಕೂಪನ್ ಪ್ರಿಂಟ್ ಮಾಡಿಕೊಡದ ಪ್ರೆಸ್ಸಿಗೆ ನಾಲ್ಕು ಸ್ಟಾರ್

ಕೇಳಿದ ಕೆಲಸ ಇವರು ಮಾಡಿಕೊಡಲಿಲ್ಲ. ಆದರೂ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಕಾರವಾರ ಪೇಟೆಯ ಈ ಪ್ರೆಸ್ಸಿಗೆ ನಾವು ಹೋಗಿದ್ದು ಚವತಿಗೆ ಎರಡು ತಿಂಗಳು ಇರುವಾಗ. ನಮ್ಮ ವಾಡೆಯ ಯುವಕ ಸಂಘಕ್ಕೆ ಶವ ಇಡುವ ಫ್ರೀಜರ್ ಪೆಟ್ಟಿಗೆ ಬೇಕಿತ್ತು. ನಮ್ಮಲ್ಲಿ ಅರ್ಧ ಮನೆಗಳ ಮಕ್ಕಳು ಮುಂಬೈ, ಗೋವಾ, ದುಬೈ ಅಂತ ಹೊರಗೇ ಇದ್ದಾರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮಕ್ಕಳು ಬಂದು ಮುಟ್ಟುವವರೆಗೆ ಬೈತಖೋಲ ಬಂದರಿನಿಂದ ಮೀನಿಗೆ ಹಾಕುವ ಐಸ್ ತಂದು ಸುತ್ತ ಇಟ್ಟು ಕಾಯಬೇಕು. ನೋಡಿದವರಿಗೇ ಗೊತ್ತು ಆ ಪಾಡು. ಪೆಟ್ಟಿಗೆಗೆ ಕೊಟೇಶನ್ ಬಂದಿದ್ದು 85 ಸಾವಿರ. ಸಂಘದಲ್ಲಿ ಇದ್ದಿದ್ದು 11 ಸಾವಿರ.

ಹಾಗಾಗಿ ಲಕ್ಕಿ ಡ್ರಾ. 200 ರೂಪಾಯಿಯ ಕೂಪನ್, ಸಾವಿರ ಮಾರುವುದು, ಮೊದಲ ಬಹುಮಾನ 90 ಸಾವಿರದ ಸ್ಕೂಟರ್, ಆಮೇಲೆ ಮಿಕ್ಸರ್, ಕುಕ್ಕರ್ ಇತ್ಯಾದಿ. ಹೆಣದ ಪೆಟ್ಟಿಗೆಗೆ ಲಕ್ಕಿ ಡ್ರಾ ಅಂತ ನಮ್ಮ ಅಮ್ಮ ಎರಡು ದಿನ ನಕ್ಕಳು, ಅದು ಬೇರೆ.

ಪ್ರೆಸ್ಸಿನ ಯಜಮಾನರು ಮ್ಯಾಟರ್ ಓದಿದರು. ಕನ್ನಡಕ ತೆಗೆದರು. "ತಮಾ, ಇದು ಲಾಟರಿ ಆಯ್ತಲ್ಲ. ನಾ ಪ್ರಿಂಟ್ ಮಾಡುದಿಲ್ಲ" ಅಂದರು. ನಮಗೆ ಸಿಟ್ಟು ಬಂತು. ಬೇರೆ ಬೇರೆ ಮಂಡಳಿಯವರು ವರ್ಷವರ್ಷ ಮಾಡುತ್ತಾರೆ, ನಮಗೆ ಮಾತ್ರ ಯಾಕೆ ಇಲ್ಲ? "ಅವ್ರ ಮೇಲೆ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ, ಅಷ್ಟೇ" ಅಂದರು. ಸಣ್ಣ ಆರ್ಡರ್ ಅಂತ ಸುಮ್ನೆ ಸಾಗಹಾಕುತ್ತಿದ್ದಾರೆ ಅಂದುಕೊಂಡೆವು. ಒಬ್ಬ ವಕೀಲರ ಹೆಸರು ಹೇಳಿ, ಅವರನ್ನು ಕೇಳಿ ಬನ್ನಿ ಎಂದು ಕಳಿಸಿದರು.

ವಕೀಲರು 500 ರೂಪಾಯಿ ತಗೊಂಡರು, ಮುಕ್ಕಾಲು ಗಂಟೆ ಕೂರಿಸಿ ಹೇಳಿದರು. ಜನ ಹಣ ಕೊಡುತ್ತಾರೆ, ಗೆಲ್ಲುವುದು ಬರೀ ಅದೃಷ್ಟದಿಂದ, ಗೆದ್ದವನಿಗೆ ಬಹುಮಾನ. ಈ ಮೂರೂ ಸೇರಿದರೆ ಅದು ಲಾಟರಿ. ಬಂದ ಹಣ ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಅನ್ನುವುದರಿಂದ ಏನೂ ಬದಲಾಗುವುದಿಲ್ಲ. ಸರ್ಕಾರದ್ದಲ್ಲದ, ರಾಜ್ಯ ಸರ್ಕಾರ ಒಪ್ಪಿಗೆ ಕೊಡದ ಲಾಟರಿಯ ಡ್ರಾ ಮಾಡಲು ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಮೊದಲು ಐಪಿಸಿಯಲ್ಲಿ 294ಎ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ. ಇಂಥ ನಂಬರ್ ಬಂದರೆ ಇಂಥ ವಸ್ತು ಕೊಡುತ್ತೇವೆ ಅಂತ ಪ್ರಕಟಿಸುವುದೂ ಅದೇ ಕಲಮಿನಲ್ಲಿ ತಪ್ಪು. ಅದಕ್ಕೆ ಮೊದಲು 1 ಸಾವಿರದವರೆಗೆ ಇದ್ದ ದಂಡ ಈಗ 5 ಸಾವಿರದವರೆಗೆ ಆಗಿದೆ. ಯಜಮಾನರು ಕನ್ನಡಕ ತೆಗೆದಿದ್ದು ಯಾಕೆ ಅಂತ ಆಗ ತಿಳಿಯಿತು.

ನಮ್ಮ ಖಜಾಂಚಿ ಸುಮ್ಮನಿರುವ ಜನ ಅಲ್ಲ. ಪೊಲೀಸರಿಂದ ಮೈಕ್ ಪರ್ಮಿಶನ್ ತಗೊಳ್ಳುತ್ತೇವಲ್ಲ, ಅದರಲ್ಲೇ ಸೇರಿಸಿದರೆ? ಮೈಕ್ ಪರ್ಮಿಶನ್ ಅಂದರೆ ಮೈಕಿಗೆ ಮಾತ್ರ. ಲಾಟರಿಗೆ ಒಪ್ಪಿಗೆ ಕೊಡುವುದಿದ್ದರೆ ರಾಜ್ಯ ಸರ್ಕಾರ ಕೊಡಬೇಕು. ಆ ಸರ್ಕಾರವೇ 2007ರಲ್ಲಿ ಲಾಟರಿ ಬಂದ್ ಮಾಡಿ ಕೂತಿದೆ. ಹಾಗಾದರೆ ಮಾಜಾಳಿ ದಾಟಿದರೆ ಗೋವಾ ಅಲ್ವಾ, ಡ್ರಾ ಅಲ್ಲಿ ಇಟ್ಟುಕೊಂಡರೆ? ಅಲ್ಲಿರುವುದು ಸರ್ಕಾರಿ ಲಾಟರಿ ಮಾರಾಯ, ನಿಮ್ಮ ಸಂಘದ್ದಲ್ಲ, ಮೇಲಾಗಿ ಕೂಪನ್ ಮಾರುವುದು ಇಲ್ಲೇ ತಾನೆ ಅಂತ ವಕೀಲರು ನಕ್ಕರು. ಕೊನೆಗೆ 'ದೇಣಿಗೆ ಕೂಪನ್' ಅಂತ ಹೆಸರು ಬದಲಿಸಿದರೆ ಅಂತಲೂ ಕೇಳಿದ. ಹೆಸರು ಏನೇ ಇಡಿ, ಹಣ ಕೊಟ್ಟವನ ನಂಬರ್ ಮಾತ್ರ ಡಬ್ಬಿಗೆ ಬೀಳುವುದಾದರೆ ಅದು ಅದೇ.

ಇಷ್ಟೆಲ್ಲ ದಾಟಿದರೂ ತೆರಿಗೆ ಇತ್ತು. ಲಾಟರಿ ಬಹುಮಾನ 10 ಸಾವಿರ ದಾಟಿದರೆ ಶೇ 30 ಟಿಡಿಎಸ್. ವಸ್ತು ಕೊಡುವುದಾದರೂ ತೆರಿಗೆ ಕಟ್ಟಿದ ಮೇಲೇ ಕೈಗೆ ಕೊಡಬೇಕು. ನಮ್ಮ ಸ್ಕೂಟರಿಗೆ 27 ಸಾವಿರ. ಗೆದ್ದವನ ಹತ್ತಿರ ಹೋಗಿ 'ನಿಮಗೆ ಸ್ಕೂಟರ್ ಬಂದಿದೆ, 27 ಸಾವಿರ ಕೊಡಿ' ಅಂತ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮರುದಿನ ಮುಖ ಸಣ್ಣ ಮಾಡಿಕೊಂಡು ಪ್ರೆಸ್ಸಿಗೆ ವಾಪಸ್ ಹೋದೆವು. ಯಜಮಾನರು 'ನಾ ಹೇಳಿದ್ನಲ್ಲ' ಅನ್ನಲಿಲ್ಲ, ಇದು ನನಗೆ ಭಾರಿ ಇಷ್ಟವಾಯಿತು. ರಸೀದಿ ಪುಸ್ತಕ ಮಾಡಿಸಿ, ಉಳಿದಿದ್ದನ್ನು ಸವಾಲಿನಲ್ಲಿ, ಅಂದರೆ ಹರಾಜಿನಲ್ಲಿ, ಎತ್ತಿ ಅಂದರು. ಸವಾಲು ನಮಗೆ ಹೊಸದೇನಲ್ಲ. ಗಣಪತಿಯ ಮೇಲೆ ಕಟ್ಟಿದ ಫಲಾವಳಿಯನ್ನು (ಕಾಯಿ, ಹಣ್ಣುಗಳನ್ನು) ಮುಳುಗಿಸುವ ದಿನ ಸವಾಲು ಹಾಕುತ್ತೇವೆ. ಜಾಸ್ತಿ ಕೂಗಿದವನಿಗೆ ಕಾಯಿ, ಅದರಲ್ಲಿ ಅದೃಷ್ಟದ ಮಾತಿಲ್ಲ. ಆದರೆ ಆ ಹಣ ಪೆಟ್ಟಿಗೆಗೆ ಅಂತ ಮೊದಲೇ ಮೈಕಿನಲ್ಲಿ ಹೇಳಬೇಕು ಅಂತ ನಮಗೆ ಹೊಳೆದಿರಲಿಲ್ಲ. ಈ ಸಲ ಹೇಳಿದೆವು. ಒಂದು ತೆಂಗಿನಕಾಯಿ 4,200ಕ್ಕೆ ಹೋಯಿತು! ಸವಾಲಿನಲ್ಲಿ 31 ಸಾವಿರ, ರಸೀದಿಯಲ್ಲಿ 46 ಸಾವಿರ. ಸ್ಕೂಟರ್ ಇಲ್ಲ, ತಲೆನೋವೂ ಇಲ್ಲ.

ಈಗ ಪ್ರಿಂಟಿಂಗ್ ಬಗ್ಗೆ. ಇಪ್ಪತ್ತು ರಸೀದಿ ಪುಸ್ತಕ ಮಾಡಿಸಿದೆವು, ಒಂದೊಂದರಲ್ಲಿ 50 ರಸೀದಿ, ಎರಡು ಪ್ರತಿ, ಕೆಳಗಿನದು ಹಳದಿ. ನಂಬರ್ ಎಲ್ಲೂ ತಪ್ಪಿಲ್ಲ, ಹರಿದರೆ ನೇರ ಹರಿಯುತ್ತದೆ, ಪೇಪರ್ ದಪ್ಪ ಇದೆ. ರೇಟು ಸ್ವಲ್ಪ ಜಾಸ್ತಿಯೇ. ಕೆಳಗೆ 'ಆದಾಯ ತೆರಿಗೆ ವಿನಾಯಿತಿ ಇದೆ' ಅಂತ ಒಂದು ಸಾಲು ಹಾಕಿ ಅಂದಾಗ 80ಜಿ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿದರು. ನಮ್ಮ ಸಂಘಕ್ಕೆ ಅದು ಇಲ್ಲ. ಆ ಸಾಲೂ ಹೋಯಿತು.

ಒಂದು ಸ್ಟಾರ್ ಕಡಿಮೆ ಮಾಡಿದ್ದಕ್ಕೆ ಕಾರಣ ಇದೆ. ನಾಲ್ಕು ದಿನ ಅಂದವರು ಹನ್ನೊಂದು ದಿನ ಮಾಡಿದರು, ಫೋನ್ ಎತ್ತುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಶಟರ್ ಇಳಿದರೆ ಮೂರೂವರೆವರೆಗೆ ಯಾರೂ ಇರುವುದಿಲ್ಲ. ಮತ್ತೆ ಪ್ರೂಫ್ ನೀವೇ ಕೂತು ಓದಿ. ನಾವು ಖಜಾಂಚಿಯನ್ನು ಕಳಿಸಿ ಕೆಟ್ಟೆವು. ಸಾವಿರ ರಸೀದಿಯಲ್ಲೂ 'ದೇಣಿಗೆ' ಹೋಗಿ 'ದೋಣಿಗೆ' ಆಗಿದೆ. ದೋಣಿಗೆ ಅಂತ ಯಾಕೆ ಹಣ ಎತ್ತುತ್ತಿದ್ದೀರಿ ಅಂತ ಬೈತಖೋಲದ ಒಬ್ಬರು ಕೇಳಿಯೇ ಬಿಟ್ಟರು.