ಕೊಡಗಿನಿಂದ ಯಾವ ಕತ್ತಿ ತರಲಿ: ಕೆಲಸದ್ದೋ, ಪೀಚೆಕತ್ತಿಯೋ?

ಮೊದಲು ಒಂದು ಪ್ರಶ್ನೆ: ಅದರಿಂದ ಏನಾದರೂ ಕಡಿಯುತ್ತೀರಾ?

ತೆಂಗಿನಕಾಯಿ ಸುಲಿಯಲು, ಬೇಲಿ ಸವರಲು ಕುಲುಮೆಯ ಕತ್ತಿಯೇ ಬೇಕು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಬಡಿದದ್ದಾದರೆ ಉಕ್ಕು ಗಟ್ಟಿ. ಮೊಂಡಾದರೆ ಸಾಣೆ ಹಿಡಿದರಾಯಿತು, ಹಿಡಿ ಮುರಿದರೆ ಹೊಸದು ಹಾಕಿಸಬಹುದು. ಒದ್ದೆ ಬಿಟ್ಟರೆ ಮಾತ್ರ ತುಕ್ಕು ಹಿಡಿಯುತ್ತದೆ. ಒರೆಸಿ, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿಡಿ.

ಪೀಚೆಕತ್ತಿಯ ಲೆಕ್ಕವೇ ಬೇರೆ. ಕೊಡವ ಗಂಡಸರು ಕುಪ್ಯ ಎಂಬ ಉದ್ದ ಮೇಲಂಗಿ ತೊಟ್ಟು, ಚೇಲೆ ಎಂಬ ಕೆಂಪು ಸೊಂಟಪಟ್ಟಿ ಕಟ್ಟಿ, ಸೊಂಟದ ಮುಂದೆ ಸಿಕ್ಕಿಸುವ ಕಠಾರಿ ಅದು. ಇಲ್ಲಿ ಹಣ ಹೋಗುವುದು ಅಲಗಿಗಲ್ಲ, ಒರೆಯ ಬೆಳ್ಳಿ ಕೆಲಸಕ್ಕೆ. ಹಾಗಾಗಿ ಜಾಸ್ತಿ ದುಬಾರಿ. ಬೆಳ್ಳಿ ಕಪ್ಪಾಗುತ್ತದೆ, ಆಗಾಗ ಉಜ್ಜಬೇಕು. ಹಳೆಯ ಪೀಚೆಕತ್ತಿ ಸಿಕ್ಕರೆ ಅದರ ಅಲಗನ್ನು ಸುಮ್ನೆ ಸಾಣೆಗೆ ಕೊಡಬೇಡಿ. ಹಳೆಯ ಗುರುತುಗಳೇ ಅದರ ಬೆಲೆ, ಅಲ್ವಾ? ದಂತದ ಹಿಡಿ ಇದ್ದರೆ ಮುಟ್ಟಲೇಬೇಡಿ. ವನ್ಯಜೀವಿ ಕಾಯ್ದೆಯಡಿ ದಂತದ ವ್ಯಾಪಾರ ಅಪರಾಧ.

ತೋಟ ಇದ್ದವರಿಗೆ ಕುಲುಮೆಯದ್ದು. ಮದುವೆಗೆ, ಮನೆತನದ ನೆನಪಿಗೆ ಪೀಚೆಕತ್ತಿ. ಬರೀ ಗೋಡೆಯ ಅಲಂಕಾರಕ್ಕಾದರೆ ಬೆಳ್ಳಿಯಿಲ್ಲದ ಅಗ್ಗದ ಪ್ರತಿಯೂ ಸಾಕು. ವಿಮಾನದಲ್ಲಿ ಬರುವವರು ಯಾವುದನ್ನೂ ಕೈಚೀಲದಲ್ಲಿ ಇಡಬೇಡಿ.