ಮೇಲ್ ಸರ್ವರ್‌ಗೆ 8.8.8.8 ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಹುಬ್ಬಳ್ಳಿಯಲ್ಲಿರುವ ನಮ್ಮ ಭಾವನ ಆಡಿಟರ್ ಆಫೀಸಿನ ಮೇಲ್ ನೋಡಿಕೊಳ್ಳುವವನು ನಾನೇ. ಬಾಡಿಗೆ ಸರ್ವರ್, ಅದರಲ್ಲಿ ಡೆಬಿಯನ್ ಅನ್ನುವ ಲಿನಕ್ಸ್, ಅದರ ಮೇಲೆ ಮೇಲ್ ಕಳಿಸುವ, ತೆಗೆದುಕೊಳ್ಳುವ ಪೋಸ್ಟ್‌ಫಿಕ್ಸ್ ಸಾಫ್ಟ್‌ವೇರ್. ಸರ್ವರ್ ಬಾಡಿಗೆಗೆ ಕೊಟ್ಟವರು ತಮ್ಮ ಹಳೇ ಡಿಎನ್‌ಎಸ್ ಸರ್ವರ್ (ಹೆಸರು ಕೊಟ್ಟರೆ ಅದರ ಇಂಟರ್ನೆಟ್ ವಿಳಾಸ ಹುಡುಕಿಕೊಡುವುದು) ನಿಲ್ಲಿಸುತ್ತೇವೆ ಅಂತ ಮುಂಚೆಯೇ ಬರೆದಿದ್ದರು. ನಾನು ಓದಿರಲಿಲ್ಲ. 18ನೇ ತಾರೀಖು ರಾತ್ರಿ ಅದು ನಿಂತೇಹೋಯಿತು. 20ಕ್ಕೆ ಜಿಎಸ್‌ಟಿಯ ತಿಂಗಳ ರಿಟರ್ನ್ ಜಿಎಸ್‌ಟಿಆರ್-3ಬಿಗೆ ಕಡೇ ದಿನ, ಗಿರಾಕಿಗಳ ಬಿಲ್ಲುಗಳೆಲ್ಲ ಬರುವುದು ಮೇಲ್‌ನಲ್ಲೇ.

ಲಾಗ್ ತೆಗೆದರೆ ಸಾಲುಸಾಲಾಗಿ 'ನೇಮ್ ಸರ್ವಿಸ್ ಎರರ್, ಹೋಸ್ಟ್ ನಾಟ್ ಫೌಂಡ್, ಟ್ರೈ ಅಗೇನ್'. ಯಾವ ಡಿಎನ್‌ಎಸ್ ಸರ್ವರನ್ನು ಕೇಳಬೇಕು ಅಂತ ಬರೆದಿರುವ ರಿಸಾಲ್ವ್ ಡಾಟ್ ಕಾನ್ಫ್ ಫೈಲಿನಲ್ಲಿ ಹಳೇದನ್ನು ಅಳಿಸಿ, ಯಾರು ಬೇಕಾದರೂ ಬಳಸಬಹುದಾದ ಗೂಗಲ್‌ನ ಡಿಎನ್‌ಎಸ್ 8.8.8.8 ಹಾಕಿದೆ. ಡಿಎನ್‌ಎಸ್ ಪರೀಕ್ಷಿಸುವ ಡಿಗ್ ಕಮಾಂಡ್ ಕೊಟ್ಟು ಜಿಮೇಲ್‌ನ ಎಂಎಕ್ಸ್ (ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವ ದಾಖಲೆ) ಕೇಳಿದರೆ ಥಟ್ಟನೆ ಉತ್ತರ ಬಂತು. ಪೋಸ್ಟ್‌ಫಿಕ್ಸ್ ಮಾತ್ರ ಅದೇ ಹಳೇ ರಾಗ. ಡಿಗ್‌ಗೆ ಸಿಗುವ ಹೆಸರು ಇದಕ್ಕೆ ಯಾಕೆ ಸಿಗುವುದಿಲ್ಲ ಅಂತ ಫೈರ್‌ವಾಲ್ ಜಾಲಾಡಿ, ಡೊಮೇನ್ ರೆಕಾರ್ಡ್‌ಗಳನ್ನೆಲ್ಲ ಸುಮ್ನೆ ಕೆದಕಿ, ರಾತ್ರಿ ಎರಡು ಗಂಟೆಯಾಯಿತು.

ಆಮೇಲೆ ಗೊತ್ತಾಯಿತು. ನನ್ನ ಸರ್ವರ್‌ನ ಡೆಬಿಯನ್‌ನಲ್ಲಿ ಪೋಸ್ಟ್‌ಫಿಕ್ಸ್‌ನ ಎಷ್ಟೋ ಭಾಗಗಳು ಕ್ರೂಟ್ ಒಳಗೆ, ಅಂದರೆ ತಮ್ಮದೇ ಒಂದು ಬೇಲಿಯೊಳಗೆ ಓಡುತ್ತವೆ. ಆ ಬೇಲಿಯೊಳಗೆ ರಿಸಾಲ್ವ್ ಡಾಟ್ ಕಾನ್ಫ್‌ನ ಬೇರೆಯೇ ನಕಲು ಇರುತ್ತದೆ, ವಾರ್ ಸ್ಪೂಲ್ ಪೋಸ್ಟ್‌ಫಿಕ್ಸ್ ಕೆಳಗಿನ ಈಟಿಸಿ ಫೋಲ್ಡರಿನಲ್ಲಿ. ನಾನು ಹೊರಗಿನದನ್ನು ತಿದ್ದಿದ್ದೆ, ಒಳಗಿನದು ಸತ್ತ ವಿಳಾಸವನ್ನೇ ಹಿಡಿದು ಕೂತಿತ್ತು. ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿದೆ, ಹೊಸ ನಕಲು ಬಂತು, ಕ್ಯೂನಲ್ಲಿದ್ದ ಮೇಲ್‌ಗಳೆಲ್ಲ ಹೊರಟವು. ಒಂದೂ ಕಳೆದಿರಲಿಲ್ಲ, ಯಾಕಂದರೆ ಇಂಥ ತಾತ್ಕಾಲಿಕ ತೊಂದರೆಗೆ ಪೋಸ್ಟ್‌ಫಿಕ್ಸ್ ತಾನಾಗಿಯೇ 5 ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಗೆದ್ದೆ ಅಂದುಕೊಂಡು ಮಲಗಿದೆ.

ನಿಜವಾದ ಅನಾಹುತ ಶುರುವಾಗಿದ್ದೇ ಅಲ್ಲಿಂದ. ಬೆಳಿಗ್ಗೆ ಹನ್ನೊಂದಕ್ಕೆ ಭಾವ ಫೋನ್ ಮಾಡಿ, 'ಏನಪ್ಪಾ, ಯಾರ ಮೇಲೂ ಬರ್ತಿಲ್ಲ, ಎಲ್ಲರಿಗೂ ವಾಪಸ್ ಹೋಗ್ತಿದೆಯಂತೆ' ಅಂದರು. ನೋಡಿದರೆ ನಮ್ಮ ಸರ್ವರ್ ಮೇಲ್ ತಂದವರಿಗೆಲ್ಲ 554 ಅನ್ನುವ ಕೋಡ್ ಹೇಳಿ ಬಾಗಿಲು ಹಾಕುತ್ತಿದೆ, ಜಿಮೇಲ್ ಸಮೇತ. ಕಾರಣ, ಅವರು ಸ್ಪ್ಯಾಮ್‌ಹೌಸ್ ಸಂಸ್ಥೆ ಇಡುವ ಸ್ಪ್ಯಾಮ್ ಕಳಿಸುವವರ ಪಟ್ಟಿಯಲ್ಲಿದ್ದಾರೆ ಅಂತ. ಜಿಮೇಲ್, ಬ್ಯಾಂಕು ಎಲ್ಲ ಒಂದೇ ದಿನ ಕಪ್ಪುಪಟ್ಟಿಗೆ ಬೀಳುತ್ತವಾ?

ತಪ್ಪು ನನ್ನದೇ. ಸ್ಪ್ಯಾಮ್‌ಹೌಸ್ ಪಟ್ಟಿಯನ್ನು ಕೇಳುವುದೂ ಡಿಎನ್‌ಎಸ್ ಮೂಲಕವೇ, ಮತ್ತು 8.8.8.8ನಂಥ ಸಾರ್ವಜನಿಕ ರಿಸಾಲ್ವರ್ (ಡಿಎನ್‌ಎಸ್ ಉತ್ತರ ಹುಡುಕಿಕೊಡುವ ಸರ್ವರ್) ಮೂಲಕ ಕೇಳಿದರೆ ಅವರು ಉತ್ತರ ಕೊಡುವುದಿಲ್ಲ, ಯಾರು ಎಷ್ಟು ಕೇಳಿದರು ಅಂತ ಲೆಕ್ಕ ಸಿಗುವುದಿಲ್ಲವಲ್ಲ. ಬದಲಿಗೆ 127.255.255.254 ಅನ್ನುವ ಎರರ್ ಕೋಡ್ ಕಳಿಸುತ್ತಾರೆ. ನನ್ನ ಸೆಟ್ಟಿಂಗ್‌ನಲ್ಲಿ ಬರೀ ಪಟ್ಟಿಯ ಹೆಸರಿತ್ತು, ಯಾವ ಉತ್ತರಕ್ಕೆ ತಡೆಯಬೇಕು ಅಂತ ಇರಲಿಲ್ಲ. ಹಾಗಾಗಿ ಏನೇ ಉತ್ತರ ಬಂದರೂ ಪೋಸ್ಟ್‌ಫಿಕ್ಸ್‌ಗೆ ಅದು ಸ್ಪ್ಯಾಮೇ. ಲಾಗ್‌ನಲ್ಲಿ 'ಓಪನ್ ರಿಸಾಲ್ವರ್' ಅಂತ ಬರೆದೇ ಇತ್ತು, ಕಣ್ಣಿಗೆ ಬಿದ್ದಿದ್ದು ಮಾತ್ರ ಮಧ್ಯಾಹ್ನ.

554 ಅಂದರೆ ಖಾಯಂ ನಿರಾಕರಣೆ. ಕಳಿಸಿದ ಸರ್ವರ್ ಮತ್ತೆ ಪ್ರಯತ್ನಿಸುವುದಿಲ್ಲ. ಭಾವ, ಅವರ ಇಬ್ಬರು ಹುಡುಗರು ಸೇರಿ ಸಂಜೆವರೆಗೂ ಗಿರಾಕಿಗಳಿಗೆ ಫೋನ್ ಮಾಡಿ ಬಿಲ್ಲುಗಳನ್ನು ವಾಟ್ಸಾಪ್‌ನಲ್ಲಿ ತರಿಸಿಕೊಂಡರು. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಈಗ ಸರ್ವರ್‌ನಲ್ಲೇ ಅನ್‌ಬೌಂಡ್ ಅನ್ನುವ ನಮ್ಮದೇ ರಿಸಾಲ್ವರ್ ಹಾಕಿದ್ದೇನೆ, ಪ್ರಶ್ನೆಯನ್ನು ಬೇರೆಯವರಿಗೆ ಫಾರ್ವರ್ಡ್ ಮಾಡದೆ ತಾನೇ ಹುಡುಕುವ ಹಾಗೆ. ಪಟ್ಟಿಯ ಹೆಸರಿನ ಕೊನೆಗೆ =127.0.0.[2..11] ಅಂತ ಸೇರಿಸಿದ್ದೇನೆ, ಅಂದರೆ ಇಷ್ಟರೊಳಗಿನ ಉತ್ತರ ಬಂದರೆ ಮಾತ್ರ ತಡೆ. ನೀವು ಪರೀಕ್ಷಿಸಬೇಕಾದರೆ 2.0.0.127 ಬರೆದು ಅದರ ಕೊನೆಗೆ ಚುಕ್ಕಿ ಹಾಕಿ ಸ್ಪ್ಯಾಮ್‌ಹೌಸ್‌ನ ಜೆನ್ ಪಟ್ಟಿಯ ಹೆಸರು (zen.spamhaus.org) ಸೇರಿಸಿ ಡಿಗ್ ಕೊಡಿ, ಉತ್ತರದಲ್ಲಿ 127.0.0.2 ಇರಬೇಕು. ಇನ್ನೊಂದು, ಡಿಎನ್‌ಎಸ್ ಮುಟ್ಟುವ ದಿನ ಪೋಸ್ಟ್‌ಫಿಕ್ಸ್‌ನ ಸಾಫ್ಟ್ ಬೌನ್ಸ್ ಸೆಟ್ಟಿಂಗ್ ಆನ್ ಮಾಡಿಕೊಳ್ಳಿ. ಆಗ ಏನೇ ಎಡವಟ್ಟಾದರೂ ನಿಮ್ಮ ಸರ್ವರ್ 5ರ (ಖಾಯಂ) ಬದಲು 4ರಿಂದ (ತಾತ್ಕಾಲಿಕ) ಶುರುವಾಗುವ ಉತ್ತರ ಕೊಡುತ್ತದೆ, ಕಳಿಸಿದವರ ಸರ್ವರ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬರುತ್ತದೆ. ಎಲ್ಲ ಸರಿಯಾದ ಮೇಲೆ ಆಫ್ ಮಾಡುವುದನ್ನು ಮರೀಬೇಡಿ, ನಾನು ಅದನ್ನೂ ಒಂದು ವಾರ ಮರೆತಿದ್ದೆ.