ಬಾಲೂ ತಮ್ಮ 2: ಅಂಗಡಿ ಬೋರ್ಡಿಗೆ ಹೇಳಿ ಮಾಡಿಸಿದ ದಪ್ಪ ಅಕ್ಷರ

ಹಿಂದೆ ಪೇಂಟರುಗಳು ಬ್ರಷ್ಷಿನಲ್ಲಿ ಬರೆಯುತ್ತಿದ್ದ ಅಂಗಡಿ ಬೋರ್ಡುಗಳ ಅಕ್ಷರ ದುಂಡಗೆ, ಮೈತುಂಬಿಕೊಂಡು ಇರುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಪುಸ್ತಕದ ತೆಳ್ಳನೆಯ ಅಕ್ಷರಗಳನ್ನೇ ಹಿಗ್ಗಿಸಿ ಹಾಕುವುದು ರೂಢಿಯಾಯಿತು. ಆ ಹಳೆಯ ತುಂಬುಮೈಯನ್ನು ಯೂನಿಕೋಡಿನಲ್ಲಿ ಮರಳಿ ಕೊಡುವ ಫಾಂಟುಗಳಲ್ಲಿ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸಕರ ತಂಡದ ಬಾಲೂ ತಮ್ಮ 2 ನಿಜಕ್ಕೂ ಚೆಂದ.

ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಚಿಕ್ಕಮಗಳೂರಿನ ಕಾಫಿಪುಡಿ ಪ್ಯಾಕೆಟ್ಟಿಗೋ ಸಕಲೇಶಪುರದ ಹೋಂಸ್ಟೇ ಬೋರ್ಡಿಗೋ ಬಳಸಿದರೆ ಯಾರಿಗೂ ಹಣ ಕಟ್ಟಬೇಕಿಲ್ಲ. 400ರಿಂದ 800ರವರೆಗೆ 5 ದಪ್ಪಗಳಿವೆ. ಬೋರ್ಡಿಗೆ ಬೇಕಾದದ್ದು 800, ಎಕ್ಸ್‌ಟ್ರಾ ಬೋಲ್ಡ್. ಅದರ ಮೇಲೆ ಮತ್ತೆ ಬೋಲ್ಡ್ ಬಟನ್ ಒತ್ತಬೇಡಿ. ಒತ್ತಿದರೆ ‘ಮ’, ‘ಹ’ಗಳ ಒಳಗಿನ ಖಾಲಿ ಜಾಗ ಮುಚ್ಚಿಹೋಗುತ್ತದೆ.

ಈ ಫಾಂಟನ್ನು ಪರೀಕ್ಷಿಸಲು ‘ಕಾಫಿ’ ಎಂದು ಬರೆದು ನೋಡಿ. ‘ಪ’ಕ್ಕೂ ‘ಫ’ಕ್ಕೂ ವ್ಯತ್ಯಾಸ ಅಡಿಯ ಪುಟ್ಟ ಸೀಳಿನಲ್ಲಿದೆ. ಸ್ಕ್ರೀನಿನಲ್ಲಿ ಸ್ಪಷ್ಟವಾಗಿಯೇ ಕಾಣುತ್ತದೆ. ಆದರೆ ವಿನೈಲ್ ಸ್ಟಿಕ್ಕರ್ ಕತ್ತರಿಸಿ, ಬೇಡದ ಭಾಗ ಕೀಳುವಾಗ ಆ ಚೂರೂ ಎದ್ದುಬಂದರೆ ಬೋರ್ಡಿನಲ್ಲಿ ಉಳಿಯುವುದು ‘ಕಾಪಿ’. ಅಕ್ಷರದ ಎತ್ತರ 2 ಇಂಚಿಗಿಂತ ಕಡಿಮೆಯಿದ್ದರೆ 600ಕ್ಕೆ ಇಳಿಯುವುದು ಕ್ಷೇಮ.

ಕಟಿಂಗ್‌ನಲ್ಲಿ ಇನ್ನೊಂದು ತೊಂದರೆಯಿದೆ. ಎಲ್ಲ ದಪ್ಪಗಳೂ ಒಂದರಲ್ಲೇ ಇರುವ ವೇರಿಯಬಲ್ ಫೈಲಿನಲ್ಲಿ ಅಕ್ಷರದ ಗೆರೆಗಳು ಒಂದರ ಮೇಲೊಂದು ಹಾದುಹೋಗಿರಬಹುದು. ಕಟರ್‌ನ ಬ್ಲೇಡು ಅವನ್ನೂ ಹಿಂಬಾಲಿಸಿ ಅಕ್ಷರದ ಹೊಟ್ಟೆಯನ್ನೇ ಕೊಯ್ಯುತ್ತದೆ. ಡೌನ್‌ಲೋಡಿನೊಳಗಿನ ಸ್ಟ್ಯಾಟಿಕ್ ಫೋಲ್ಡರಿನಲ್ಲಿ ಒಂದೊಂದು ದಪ್ಪಕ್ಕೂ ಇರುವ ಬೇರೆ ಫೈಲು ಬಳಸಿ, ಕರ್ವ್ಸ್‌ಗೆ (ಅಕ್ಷರವನ್ನು ಬರೀ ಗೆರೆಯ ಆಕಾರಕ್ಕೆ) ಬದಲಾಯಿಸಿ, ವೆಲ್ಡ್ ಮಾಡಿಯೇ (ಹಾದುಹೋದ ಗೆರೆಗಳನ್ನು ಒಂದಾಗಿಸಿಯೇ) ಕಳಿಸಿ. ತಿದ್ದಲು ಬರುವಂಥ ಒಂದು ಪ್ರತಿ ನಿಮ್ಮಲ್ಲಿರಲಿ.

‘ಹಾಸನ’ಕ್ಕೆ ಒತ್ತಕ್ಷರವಿಲ್ಲ, ಸಾಲುಗಳನ್ನು ಹತ್ತಿರ ತಂದರೂ ನಡೆಯುತ್ತದೆ. ‘ಚಿಕ್ಕಮಗಳೂರು’ ಹಾಗಲ್ಲ: ‘ಕ್ಕ’ದ ಒತ್ತು ಕೆಳಗಿಳಿದು, ಮುಂದಿನ ಸಾಲಿನಲ್ಲಿ ‘ಶ್ರೀ’ ಇದ್ದರೆ ಅದರ ಗುಡಿಸಿಗೆ ತಾಗುತ್ತದೆ. 100 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 140ರಿಂದ 150 ಪಾಯಿಂಟ್ ಅಂತರ ಕೊಡಿ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ಒತ್ತು ಬಿಡಿಬಿಡಿಯಾಗಿ ಬಂದರೆ ದೋಷ ಫಾಂಟಿನದಲ್ಲ; ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ‘ವರ್ಲ್ಡ್ ರೆಡಿ ಲೇಔಟ್’ ಆಯ್ಕೆ ಆನ್ ಆಗಿರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಯೂನಿಕೋಡಿಗೆ ಮುಂಚಿನ ಆಸ್ಕಿ ವಿಧಾನದಲ್ಲಿ ಟೈಪಿಸಿದ ಹಳೆಯ ಪಠ್ಯವನ್ನಂತೂ ಮೊದಲು ಯೂನಿಕೋಡಿಗೆ ಪರಿವರ್ತಿಸಲೇಬೇಕು.

ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ನಂತರ ಎರಡೂ ಭಾಷೆಗಳನ್ನು ಹೊಂದಿಸುವ ಕೆಲಸ ಹೆಚ್ಚಿದೆ. ಇಂಗ್ಲಿಷ್ ಅಕ್ಷರವೂ ಇದೇ ಫಾಂಟಿನಲ್ಲಿ, ಇದೇ ದಪ್ಪದಲ್ಲಿ ಇರುವುದು ದೊಡ್ಡ ಅನುಕೂಲ.

ಹೋಟೆಲಿನ ಬೆಲೆಪಟ್ಟಿಗೆ, ಮದುವೆ ಪತ್ರಿಕೆಯ ಒಳಪುಟಕ್ಕೆ 800 ಬೇಡ. ನಾಲ್ಕು ಸಾಲಿಗೇ ಕಣ್ಣು ಸೋಲುತ್ತದೆ. ನಾಟಕದ ಪೋಸ್ಟರಿಗೆ ಇನ್ನಷ್ಟು ಕೈಬರಹದ ಕಸುವು ಬೇಕೆನಿಸಿದರೆ ‘ಅಕಾಯ ಕನಡಕ’ ಎಂಬ ಫಾಂಟ್ ನೋಡಬಹುದು, ಆದರೆ ಅದರಲ್ಲಿ ಸಿಗುವುದು ಒಂದೇ ದಪ್ಪ. ಯಾವುದನ್ನೇ ಆರಿಸಿದರೂ ಹೆಸರನ್ನು ನಿಜ ಅಳತೆಯಲ್ಲಿ ಎ4 ಹಾಳೆಗಳ ಮೇಲೆ ಪ್ರಿಂಟ್ ತೆಗೆದು, ಶಟರಿಗೆ ಅಂಟಿಸಿ, ರಸ್ತೆಯ ಆಚೆ ಬದಿಯಿಂದ ಓದಿ ನೋಡಿದ ಮೇಲೆಯೇ ಆರ್ಡರ್ ಕೊಡಿ.